ತೋರಣಾದ ಆಚೆಯ ಕೆಸರು ಹಾದಿ

ಪುಣೆಯಿಂದ ಬೆಳಗಾವಿ, ಧಾರವಾಡಗಳ ಕಡೆಗೆ ಹೋಗುವ ಹೆದ್ದಾರಿಯನ್ನು ಅರಿಯದ ಕನ್ನಡಿಗರು ಈ ಊರಿನಲ್ಲಿ ಇರಲಾರರು. ಆದರೆ ಕಾತ್ರಜ ದಾಟಿ, ನಸರಾಪುರದ ಬಳಿ ಬಲಕ್ಕೆ ಹೊರಳಿದವರು ವಿರಳ. ಹೊರಳಿದರೆ ಎಡಗಡೆಗೆ ರಾಜಗಡ. ಮುಂದೆ ೧೪೦೩ ಮೀಟರು ಎತ್ತರದ ತೋರಣಾ ದುರ್ಗ. ಅದರ ಬುಡದಲ್ಲಿ ವೇಲ್ಹೆ. ಅಲ್ಲಿಂದಾಚೆಯ ದಾರಿ ಮಢೆ ಘಾಟಿಗೆ ಹೋಗುತ್ತದೆ. ೧೬೭೦ರಲ್ಲಿ ಸಿಂಹಗಡದಲ್ಲಿ ಮಡಿದ ತಾನಾಜಿಯ ದೇಹವನ್ನು ಈ ಘಟ್ಟದಿಂದಲೇ ಕೊಂಕಣಕ್ಕೆ ಇಳಿಸಿದರೆಂದು ಪ್ರತೀತಿ. ಆಷಾಢದಲ್ಲಿ ಇಲ್ಲಿ ಮೋಡವು ನೆಲದ ಮೇಲೆಯೇ ನಡೆಯುತ್ತದೆ. ಗದ್ದೆಗಳಲ್ಲಿ ಹೆಂಗಸರು ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು ಭತ್ತದ ನಾಟಿಯಲ್ಲಿ ಬಾಗಿರುತ್ತಾರೆ.

ನನ್ನ ಸೋದರಮಾವನವರು ನೌಕರಿ ಮುಗಿದ ಮೇಲೆ ಈ ದಾರಿಯ ಒಂದು ಸಣ್ಣ ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತವರು. ಮನೆಗೆ ಮುಟ್ಟುವ ಕಡೆಯ ಒಂದು ಮೈಲಿ ಡಾಂಬರು ಕಾಣದ ಏರು. ಅವರಲ್ಲಿ ನಾಲ್ಕೂ ಗಾಲಿಗಳಿಗೆ ಎಳೆತವಿರುವ ಹಳೆಯ ಜೀಪೊಂದಿದೆ. ಮಳೆಗಾಲದಲ್ಲಿ ಆ ಹಳ್ಳಿಗೆಲ್ಲ ಅದೇ ಗತಿ.

ಹೋದ ವರ್ಷ ಆಷಾಢದ ಒಂದು ರಾತ್ರಿ ನೆರೆಮನೆಯ ಸೊಸೆಗೆ ಹೆರಿಗೆಯ ಬೇನೆ ಬಂತು. ಜೀಪು ಅರ್ಧ ದಾರಿಯಲ್ಲಿ ಹಳ್ಳವೊಂದರ ಅಡ್ಡ ಕೊರಕಲಿಗೆ ಸಿಕ್ಕಿತು. ಮುಂದಿನ ಒಂದು ಗಾಲಿ, ಹಿಂದಿನ ಅದರ ಎದುರು ಮೂಲೆಯ ಒಂದು ಗಾಲಿ ಗಾಳಿಯಲ್ಲಿ ಗಿರ್ರನೆ ತಿರುಗಿದವು; ನೆಲದ ಮೇಲಿದ್ದ ಎರಡು ಕದಲಲಿಲ್ಲ. ಕಡೆಗೆ ನಾಲ್ವರು ಆಕೆಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆ ಮುಟ್ಟಿಸಿದರು. ದೇವರ ದಯೆ, ತಾಯಿ ಮಗು ಉಳಿದರು. ಆದರೆ ಮಾವನವರಿಗೆ ನಿದ್ರೆ ಹೋಯಿತು.

“ಎರಡು ಗಾಲಿ ಗಟ್ಟಿ ನೆಲದ ಮ್ಯಾಲ ಇದ್ದವಲ್ಲೋ ತಮ್ಮಾ, ಅವ್ಯಾಕ ತಿರಗಲಿಲ್ಲ?” ಎಂದು ಅವರು ನನ್ನನ್ನು ಕೇಳಿದರು. ಬಿ.ಎ. ಓದಿದ ಗುಮಾಸ್ತನಿಗೆ ಉತ್ತರ ಎಲ್ಲಿಂದ ಬರಬೇಕು? ಇಬ್ಬರೂ ನಾನಾ ಪೇಠೆಯ ಒಬ್ಬ ಮೇಸ್ತ್ರಿಯ ಬಳಿಗೆ ಹೋದೆವು.

ಆತ ಹೇಳಿದ್ದರ ಸಾರ ಇಷ್ಟು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಮಗ್ಗುಲಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಕೊಡುವ ಹಲ್ಲುಚಕ್ರಗಳ ಗಂಟೇ ಡಿಫರೆನ್ಶಿಯಲ್. ಫ್ರಾನ್ಸಿನ ಪೆಕರ್ ಎಂಬಾತ ೧೮೨೦ರ ದಶಕದಲ್ಲಿಯೇ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟು ಪಡೆದಿದ್ದ. ಇದು ವೇಗವನ್ನು ಬೇರೆ ಮಾಡಿದರೂ ಬಲವನ್ನು ಸಮಪಾಲು ಹಂಚುತ್ತದೆ. ಗಾಳಿಯಲ್ಲಿ ತೂಗುವ ಗಾಲಿಗೆ ಬಲವೇ ಬೇಡ. ಅದು ಒಲ್ಲೆನೆಂದರೆ ಜೊತೆಯದಕ್ಕೂ ಇಲ್ಲ. ಅವಿಭಕ್ತ ಕುಟುಂಬದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಇದಕ್ಕೆ ಪರಿಹಾರ ಎರಡು. ಒಂದು, ಲಿಮಿಟೆಡ್ ಸ್ಲಿಪ್. ಒಳಗಿನ ಬಿಲ್ಲೆಗಳು ಒಂದನ್ನೊಂದು ಉಜ್ಜಿ ಜಾರುವ ಗಾಲಿಯನ್ನು ಸ್ವಲ್ಪ ಹಿಡಿದು, ಇನ್ನೊಂದಕ್ಕೆ ಬಲ ಕಳಿಸುತ್ತವೆ. ಚಾಲಕನು ಏನನ್ನೂ ಮಾಡಬೇಕಾಗಿಲ್ಲ. ಒದ್ದೆ ಡಾಂಬರಿಗೂ ಜಲ್ಲಿಗೂ ಹಿತ. ಆದರೆ ಬಿಲ್ಲೆ ಸವೆಯುತ್ತವೆ, ಬೇರೆ ಎಣ್ಣೆ ಬೇಕು, ಗಾಲಿ ಪೂರ್ತಿ ನೆಲ ಬಿಟ್ಟರೆ ಅದರ ಹಿಡಿತ ಸಾಲದು. ಇನ್ನೊಂದು, ಲಾಕ್. ಅದನ್ನು ಹಾಕಿದರೆ ಎರಡು ಗಾಲಿಗಳೂ ಒಂದೇ ಕೋಲಿಗೆ ಬೆಸೆದಂತೆ ಜೊತೆಯಾಗಿ ತಿರುಗುತ್ತವೆ, ತೆಗೆದರೆ ಮಾಮೂಲಿನಂತೆ. ಆದರೆ ಗಟ್ಟಿ ರಸ್ತೆಯ ತಿರುವಿನಲ್ಲಿ ಮರೆತು ಹಾಗೆಯೇ ಬಿಟ್ಟರೆ ಟಾಯರು ಉಜ್ಜಿ, ಅಚ್ಚಿನ ಶಾಫ್ಟು ಮುರಿದೀತು. ಆಕುರ್ಡಿಯ ಫೋರ್ಸ್ ಮೋಟರ್ಸ್‌ನವರ ಗೂರ್ಖಾ ಗಾಡಿಗೆ ಹಿಂದೆ ಮುಂದೆ ಎರಡೂ ಅಚ್ಚುಗಳಿಗೆ ಇಂಥ ಲಾಕ್ ಇದೆ.

ನಾನು ಕಚೇರಿಯ ಪದ್ಧತಿಯಂತೆ ಕಾಗದದ ನಡುವೆ ಗೀಟೆಳೆದು ಎರಡೂ ಪಕ್ಷಗಳನ್ನು ಬರೆದೆ. ಪ್ರತಿದಿನದ ಸುಖಕ್ಕೆ ಲಿಮಿಟೆಡ್ ಸ್ಲಿಪ್ಪೇ ಮೇಲೆಂದು ತೋರಿತು. ಮಾವನವರು ಕಾಗದ ನೋಡಿ, “ಇದರಾಗ ನಮ್ಮ ಹಾದಿನ ಇಲ್ಲಲ್ಲೋ” ಎಂದರು.

ಮುಂದಿನ ಭಾನುವಾರ ಆ ಒಂದು ಮೈಲಿಯನ್ನು ಕೊಡೆ ಹಿಡಿದು ನಡೆದೆವು. ಕೊರಕಲಿನಲ್ಲಿ ಮಾವನವರು ಊರುಗೋಲು ಇಳಿಬಿಟ್ಟರು, ಮೊಳ ಆಳ. ಅಲ್ಲಿ ಗಾಲಿ ಜಾರುವುದಲ್ಲ, ತೂಗುವುದೇ. ಹಿಡಿಯಲು ನೆಲವಿಲ್ಲದ ಕಡೆ ಬಿಲ್ಲೆಗಳ ಉಜ್ಜಾಟ ಎಷ್ಟು ಬಲ ಕಳಿಸೀತು? ಮೇಲಿನ ತಿರುವು ಬೇರೆಯೇ. ದಾರಿ ಕಣಿವೆಯ ಕಡೆಗೆ ವಾಲಿದೆ, ಜಿಗಟು ಕೆಸರು. ಅಲ್ಲಿ ಲಾಕ್ ಹಾಕಿಕೊಂಡು ಹೋದರೆ ಎರಡು ಗಾಲಿಗಳೂ ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಕಣಿವೆಗೆ ಎಳೆದೀತು. ಎಂದರೆ ಕೊರಕಲಿಗೆ ಮುಂಚೆ ಹಾಕಬೇಕು, ತಿರುವಿಗೆ ಮುಂಚೆ ತೆಗೆಯಬೇಕು. ಹಿಂದಿನ ಅಚ್ಚಿಗೆ ಲಾಕ್ ಎಂದು ತೀರ್ಮಾನವಾಯಿತು. ಮುಂದಿನದಕ್ಕೂ ಹಾಕಿದರೆ ಸ್ಟೇರಿಂಗು ಮೊಂಡಾಗುತ್ತದೆಂದು ಬಿಟ್ಟೆವು.

“ಹಾಕಿದ್ದನ್ನ ತಗಿಯೋದು ನಿಮಗ ನೆಪ್ಪಿರತದೇನು?” ಎಂದು ಅತ್ತೆಯವರು ಕೇಳಿದರು. ಮನೆಯ ದೀಪ ಆರಿಸುವುದನ್ನೂ ಮರೆಯುವ ಮಾವನವರು ಸುಮ್ಮನಾದರು. ಮರುದಿನ ಆ ತಿರುವಿನ ಮಾವಿನ ಮರಕ್ಕೆ ಸುಣ್ಣದ ದಪ್ಪ ಪಟ್ಟಿಯೊಂದು ಬಿದ್ದಿತು. ಅದನ್ನು ಕಂಡೊಡನೆ ಲಾಕ್ ತೆಗೆಯಬೇಕೆಂಬುದು ಈಗ ಹಳ್ಳಿಯ ಹುಡುಗರಿಗೂ ಗೊತ್ತು. ಹಿಂದೆ ಕುಳಿತವರೇ ಕೂಗಿ ಹೇಳುತ್ತಾರೆ.

ಈ ಆಷಾಢದಲ್ಲಿ ನಾನು ಹೋದಾಗ ಜೀಪು ಇಳಿಯುವುದಕ್ಕೆ ಸಿದ್ಧವಾಗಿತ್ತು. ನೆರೆಮನೆಯ ಸೊಸೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ವೇಲ್ಹೆಗೆ ಹೊರಟಿದ್ದಳು. ಕೊರಕಲಿನಲ್ಲಿ ಒಂದು ಗಾಲಿ ನೆಲ ಬಿಟ್ಟಿತು. ಜೀಪು ಮಾತ್ರ ನಿಲ್ಲಲಿಲ್ಲ. ಮಗು ನಿದ್ದೆಯಿಂದ ಏಳಲೂ ಇಲ್ಲ.