ಬೆರಳಿಗೂ ಬೇಕು ಬೀಗ

ಸಹೋದರಿಯರೇ, ಶಿವಾಜಿನಗರದ ನಮ್ಮ ಮನೆಯ ನೋಂದಣಿ ಪತ್ರದಲ್ಲಿ ಅಮ್ಮಿಯ ಹೆಬ್ಬೆಟ್ಟಿನ ಗುರುತಿದೆ. 2023ರಲ್ಲಿ ಬೆಂಗಳೂರಿನಲ್ಲಿ ಇಂಥ ಪತ್ರಗಳಿಂದ ಕದ್ದ ಬೆರಳಚ್ಚಿನಿಂದ, ಆಧಾರ್ ಪಾವತಿಯ ಮೂಲಕ ಹಲವರ ಬ್ಯಾಂಕ್ ಖಾತೆಯ ಹಣ ದೋಚಿದ ಸುದ್ದಿ ಓದಿ ಎದೆ ಝಲ್ಲೆಂದಿತು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ?

ಆಮೇಲೆ ನೋಂದಣಿ ಇಲಾಖೆ ಪತ್ರದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚಲು ಮುಂದಾಯಿತು. ಯಾವ ಸರಕಾರಿ ಕಚೇರಿಗಾದರೂ ಇದೇ ಮೊದಲ ಪಾಠ: ಕೆಲಸಕ್ಕೆ ಬೇಕಾದಷ್ಟೇ ಪಡೆಯಬೇಕು, ಅಗತ್ಯವಿದ್ದವರಿಗಷ್ಟೇ ತೋರಿಸಬೇಕು. ಜನರ ಗುರುತು ಅವರು ನಂಬಿ ಕೊಟ್ಟ ಸೊತ್ತು.

ನಾನು ಆಧಾರ್ ಜಾಲತಾಣದಲ್ಲಿ, ಮೊಬೈಲಿಗೆ ಬಂದ ಓಟಿಪಿ ಹಾಕಿ ಅಮ್ಮಿಯ ಬಯೋಮೆಟ್ರಿಕ್ ಲಾಕ್ ಮಾಡಿದೆ. ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಮುನ್ನ ತೆರೆದರಾಯಿತು. ನೀವೂ ಇಂದೇ ಮಾಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.