ಟಿಕ್ ಎನ್ನದ ದೀಪ

ಕರೆಂಟು ಹೋಗಿ ಎರಡು ದಿನವಾಗಿತ್ತು. ಆಷಾಢದಲ್ಲಿ ನಮ್ಮ ಕಡೆ ಅದೊಂದು ಸುದ್ದಿಯೇ ಅಲ್ಲ. ಮನೆಯಲ್ಲಿ ಬೆಚ್ಚಗಿದ್ದದ್ದು ಬಚ್ಚಲೊಲೆಯ ಮುಂದಿನ ಜಾಗವೊಂದೇ. ಮಕ್ಕಳು ಅಲ್ಲೇ ಮಣೆ ಹಾಕಿಕೊಂಡು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದರು. ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆಗಳು ಹೊಗೆ ಕುಡಿಯುತ್ತಿದ್ದವು. ತಮ್ಮನ ಮಗ ತನ್ನ ಜೀಪಿಗೆಂದು ತರಿಸಿದ್ದ ದೀಪದ ಪೆಟ್ಟಿಗೆಯನ್ನೂ ಅಲ್ಲಿಗೇ ತಂದು ಬಿಚ್ಚಿದ. ತಳದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಅದಕ್ಕೆ ನಾಲ್ಕು ಚಪ್ಪಟೆ ಕಾಲು.

"ಈ ರಿಲೇ ಸುಮ್ನೆ ದಂಡ ದೊಡ್ಡಪ್ಪ. ಇದಿಲ್ಲದೆಯೂ ದೀಪ ಹತ್ತುತ್ತೆ."

"ಹತ್ತುತ್ತೆ ಕಣೋ," ಅಂದೆ. "ಮೊದಲು ದೀಪ ಹತ್ತುತ್ತೆ, ಆಮೇಲೆ ಜೀಪೂ ಹತ್ತುತ್ತೆ."

ಹುಡುಗರು ಬೀಜ ಸುಲಿಯೋದು ಬಿಟ್ಟು ನನ್ನ ಕಡೆ ತಿರುಗಿದರು. ಇನ್ನು ಹೇಳದೆ ವಿಧಿಯಿರಲಿಲ್ಲ.

1997ರ ಮಳೆಗಾಲ. ನನಗೆ ಇಪ್ಪತ್ತೆರಡು. ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ, ಒಂದು ಹಳೇ ಡೀಸೆಲ್ ಜೀಪು. ಅದರ ಹೆಡ್‌ಲೈಟಿನ ಬೆಳಕಿನಲ್ಲಿ ಎದುರು ಬರುವವನು ಮನುಷ್ಯನೋ ದನವೋ ಅನ್ನೋದು ಹತ್ತಿರ ಬಂದ ಮೇಲೇ ತಿಳಿಯುತ್ತಿತ್ತು. ಬೆಂಗಳೂರಿಗೆ ಹೋದವನು ಜೆ.ಸಿ. ರಸ್ತೆಯಲ್ಲಿ ಎರಡು ಫಾಗ್ ಲ್ಯಾಂಪ್ ಕೊಂಡೆ. ಅಂಗಡಿಯವನು 55 ವಾಟಿನ ಬಲ್ಬು ಹಾಕಿಕೊಟ್ಟ. "100ರದ್ದು ಇಲ್ವಾ?" ಅಂತ ಕೇಳಿ ಅದನ್ನೇ ಹಾಕಿಸಿದೆ. ದೊಡ್ಡದಿದ್ದರೆ ಒಳ್ಳೆಯದು ಅನ್ನುವ ವಯಸ್ಸು.

ಕೂಡಿಸಿದ್ದೂ ನಾನೇ. ಬಂಪರಿನ ಮೇಲಿಟ್ಟರೆ ಗತ್ತು ಕಾಣಿಸೋದಿಲ್ಲ ಅಂತ ಗಾಜಿನ ಮೇಲಿನ ಚೌಕಟ್ಟಿಗೆ ಬಿಗಿದೆ. ಟೇಪ್‌ರೆಕಾರ್ಡರಿನ ಸ್ಪೀಕರಿಗೆ ತಂದು ಉಳಿದಿದ್ದ ಕೆಂಪು-ಕಪ್ಪು ಜೋಡಿ ವೈರು ಮನೆಯಲ್ಲಿತ್ತು. ರೇಡಿಯೊ ರಿಪೇರಿ ಅಂಗಡಿಯಿಂದ ಕಿರುಬೆರಳಿನಷ್ಟು ಸ್ವಿಚ್ಚು ತಂದೆ. ಹೆಡ್‌ಲೈಟಿನ ಸ್ವಿಚ್ಚಿಗೆ ಬರುವ ವೈರನ್ನೇ ಕೆರೆದು, ಅದಕ್ಕೆ ನನ್ನದನ್ನು ಹೊಸೆದು, ಮೇಲೆ ಟೇಪು ಸುತ್ತಿದೆ. ಫ್ಯೂಸು? ಅದರ ನೆನಪೇ ಆಗಲಿಲ್ಲ.

ಸಂಜೆ ಅಂಗಳದಲ್ಲಿ ಹಾಕಿದರೆ ಹಲಸಿನ ಮರದ ಎಲೆ ಎಲೆ ಎಣಿಸಬಹುದಿತ್ತು. ನಾಯಿ ಹಟ್ಟಿಗೆ ಓಡಿತು. ಅಮ್ಮ ಜಗಲಿಗೆ ಬಂದು, "ಯಾರ ಮನೆ ಮದುವೆಯೋ?" ಅಂದಳು. ಅಪ್ಪಯ್ಯ ಮಾತ್ರ ಬೆಳಕಿನ ಕಡೆ ನೋಡಲೇ ಇಲ್ಲ. ಜೀಪಿನೊಳಗೆ ಕೈ ಹಾಕಿ ಸ್ವಿಚ್ಚು ಮುಟ್ಟಿ, "ಇದು ಬಿಸಿ ಆಗ್ತಾ ಇದೆಯಲ್ಲೋ," ಅಂದರು. "ಹೊಸದಲ್ವಾ," ಅಂದೆ. ಆ ಉತ್ತರಕ್ಕೆ ಅರ್ಥವೇನು ಅಂತ ಈಗಲೂ ನನಗೆ ಗೊತ್ತಿಲ್ಲ.

ಅದೇ ವಾರ ಅಜ್ಜನ ತಿಥಿ. ನಮ್ಮ ಮನೆ ಪುರೋಹಿತರು ಘಟ್ಟದ ಕೆಳಗೆ ಉಜಿರೆ ಕಡೆಯವರು. ಆ ಮಳೆಗೆ ಬಸ್ಸು ನಂಬಿ ಕೂರುವಂತಿರಲಿಲ್ಲ, ಜೀಪು ತೆಗೆದುಕೊಂಡು ನಾನೂ ಅಪ್ಪಯ್ಯನೂ ಇಳಿದೆವು. ಭಟ್ಟರ ಮನೆಯಲ್ಲಿ ಕಾಫಿ, ಹಪ್ಪಳ, ಮಾತು. ಹೊರಡುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಅಪ್ಪಯ್ಯ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಭಟ್ಟರು, ಅವರ ಕೊಡೆ, ದರ್ಭೆಯ ಕಟ್ಟು.

ಚಾರ್ಮಾಡಿ ಘಟ್ಟ ಅರ್ಧ ಹತ್ತುವಷ್ಟರಲ್ಲಿ ಮಂಜು ಇಳಿಯಿತು. ನನಗೆ ಒಳಗೊಳಗೇ ಖುಷಿ. ಇಂಥ ಹೊತ್ತಿಗೇ ತಾನೇ ಕೊಂಡದ್ದು! ಸ್ವಿಚ್ಚು ಒತ್ತಿದೆ. ಜೀಪಿನ ಮೂತಿಗೆ ಯಾರೋ ಒಗೆದ ದುಪ್ಪಟಿ ಹರವಿದ ಹಾಗಾಯಿತು. ಮೊದಲು ಕಾಣುತ್ತಿದ್ದ ನಾಲ್ಕು ಮಾರು ರಸ್ತೆಯೂ ಮಾಯ. ಮಂಜೆಂದರೆ ನೀರಿನ ಕಣ. ಕಣ್ಣಿನ ಮಟ್ಟದಲ್ಲಿ ಬೆಳಕು ಎರಚಿದರೆ ಅದು ಅಷ್ಟನ್ನೂ ಕಣ್ಣಿಗೇ ವಾಪಸು ಎರಚುತ್ತದೆ. ಅದಕ್ಕೇ ಫಾಗ್ ಲ್ಯಾಂಪು ಇರಬೇಕಾದ್ದು ಕೆಳಗೆ, ಬಂಪರಿನ ಹತ್ತಿರ, ಮೂತಿ ನೆಲಕ್ಕೆ ಬಾಗಿಸಿಕೊಂಡು. "ಆರ್ಸೋ ಮಾರಾಯ," ಅಂದರು ಅಪ್ಪಯ್ಯ. "ಕಣ್ಣು ಹೊಂದಿಕೊಳ್ಳಲಿ," ಅಂತ ನಾನು ಎರಡು ತಿರುವು ಹಟ ಮಾಡಿದೆ.

ಮೂಗು ಮೊದಲು ಚುರುಕಾದದ್ದು ಭಟ್ಟರಿಗೆ. "ಎಂತದೋ ಕರಟಿದ ವಾಸನೆ ಬರ್ತಾ ಉಂಟಲ್ಲ. ಹೋಮ ನಾಳೆಗಲ್ವಾ?"

ಆರಿಸೋಣವೆಂದು ಸ್ವಿಚ್ಚಿಗೆ ಬೆರಳಿಟ್ಟೆ. ಅದು ಮೇಣವಾಗಿತ್ತು, ಬೆರಳಿಗೆ ಅಂಟಿಕೊಂಡು ಬಂತು. ಹಿಂದೆಯೇ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ, ಒಂದು ಚಟಪಟ ಸದ್ದು, ಆಮೇಲೆ ಕತ್ತಲು. ನನ್ನ ದೀಪ, ಜೀಪಿನ ದೀಪ ಎಲ್ಲ ಒಟ್ಟಿಗೇ ಹೋದವು. ಎಂಜಿನ್ನು ಮಾತ್ರ ಏನೂ ಆಗದ ಹಾಗೆ ಗುಡುಗುಡು ಅನ್ನುತ್ತಿತ್ತು. ಆ ಕಾಲದ ಡೀಸೆಲ್ ಎಂಜಿನ್ನಿಗೆ ಓಡೋಕೆ ಕಿಡಿ ಬೇಕಿಲ್ಲ, ಕರೆಂಟಿನ ಹಂಗೂ ಇಲ್ಲ.

ಅಪ್ಪಯ್ಯ ಎಂಜಿನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿಸಿದರು. ಬಾನೆಟ್ಟು ಎತ್ತಿ ಬ್ಯಾಟರಿಯ ಟರ್ಮಿನಲ್ಲನ್ನು ಬರಿಗೈಯಲ್ಲೇ ಎಳೆದರು. ವರ್ಷದಿಂದ ಸಡಿಲವಾಗಿದ್ದ ಅದಕ್ಕೆ ನಾವು ಬೈಯದ ದಿನವಿರಲಿಲ್ಲ. ಅವತ್ತು ಅದು ಸಡಿಲವಿದ್ದದ್ದೇ ಪುಣ್ಯ, ಇಲ್ಲದಿದ್ದರೆ ಸ್ಪ್ಯಾನರು ಹುಡುಕುತ್ತ ಕೂರಬೇಕಿತ್ತು. ಟಾರ್ಚು ಹಾಕಿ ನೋಡಿದರೆ ನನ್ನ ಕೆಂಪು-ಕಪ್ಪು ವೈರು ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತಿತ್ತು, ಜೊತೆಗೆ ಹೆಡ್‌ಲೈಟಿನ ವೈರನ್ನೂ ಸುಟ್ಟಿತ್ತು. ಬಟ್ಟೆ ಸುತ್ತಿಕೊಂಡು ಸುಟ್ಟದ್ದನ್ನೆಲ್ಲ ಕಿತ್ತು ಎಸೆದ ಮೇಲೆ ಬ್ಯಾಟರಿ ಕೊಟ್ಟರೆ ಜೀಪು ಸ್ಟಾರ್ಟಾಯಿತು. ದೀಪ ಇಲ್ಲ.

ನಿಂತದ್ದು ತಿರುವಿನ ಬಾಯಲ್ಲಿ. ಮೇಲಿನಿಂದ ಲಾರಿ ಬಂದರೆ ನಾವು ಕಾಣುವ ಹೊತ್ತಿಗೆ ತಡವಾಗಿರುತ್ತಿತ್ತು. ಒಂದು ತಿರುವು ದಾಟಿದರೆ ಅಣ್ಣಪ್ಪ ಸ್ವಾಮಿ ಗುಡಿ. ಅಲ್ಲಿ ಲಾರಿಯವರು ನಿಲ್ಲಿಸಿ ಕಾಣಿಕೆ ಹಾಕಿಯೇ ಮುಂದೆ ಹೋಗುವುದು. ಅಲ್ಲಿಯವರೆಗೆ ಹೋಗಲೇಬೇಕಿತ್ತು.

ಭಟ್ಟರು ಕೊಡೆ ಬಿಚ್ಚಿ ಟಾರ್ಚು ಇಸಿದುಕೊಂಡು ಇಳಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ದಾರಿಗೆ ಟಾರ್ಚು ಹಿಡಿದರೆ ಮತ್ತದೇ ಬಿಳಿ ಗೋಡೆ. ಅಪ್ಪಯ್ಯ ಕೂಗಿದರು: "ದಾರಿಗೆ ಬೇಡ ಭಟ್ರೇ, ನಿಮ್ಮ ಪಂಚೆಗೇ ಹಿಡೀರಿ!"

ಭಟ್ಟರು ಕೈಯನ್ನು ಬೆನ್ನ ಹಿಂದೆ ತಂದು ಟಾರ್ಚನ್ನು ತಮ್ಮ ಕಾಲಿಗೇ ಬಿಟ್ಟುಕೊಂಡರು. ಕೊಡೆಯಿಲ್ಲ, ತಲೆಯಿಲ್ಲ, ಮನುಷ್ಯನೇ ಇಲ್ಲ. ಮಂಜಿನಲ್ಲಿ ಮೊಳಕಾಲಿನಿಂದ ಕೆಳಗಿನ ಒಂದು ತುಂಡು ಬಿಳಿ ಪಂಚೆ ಮಾತ್ರ ಎಡಕ್ಕೆ ಬಲಕ್ಕೆ ತೂಗುತ್ತ ಹೋಗುತ್ತಿತ್ತು. ಅದರ ಹಿಂದೆ ಮೊದಲ ಗೇರಿನಲ್ಲಿ ನಮ್ಮ ಜೀಪು. ಪಂಚೆ ಎತ್ತ ತಿರುಗಿದರೆ ಸ್ಟಿಯರಿಂಗು ಅತ್ತ. ಮಂಜಿನೊಳಗಿಂದ ಭಟ್ಟರ ಮಂತ್ರ ಕೇಳುತ್ತಿತ್ತು, ನಡುನಡುವೆ, "ಇಲ್ಲಿ ಚರಂಡಿ ಉಂಟು, ಬಲಕ್ಕೆ ಬನ್ನಿ" ಅನ್ನುವುದೂ ಅದೇ ರಾಗದಲ್ಲಿ.

ಗುಡಿಯ ಹತ್ತಿರ ಅರ್ಧ ತಾಸು ಕಾದೆವು. ಮೇಲೆ ಹೋಗುವ ಲಾರಿ ಸಿಕ್ಕಿತು. ಅದರ ಹಿಂದಿನ ಕೆಂಪು ದೀಪ ಹಿಡಿದು ಕೊಟ್ಟಿಗೆಹಾರ ಮುಟ್ಟಿ, ಆ ಮೇಲೆ ಹೇಗೋ ಮನೆ ಸೇರಿದೆವು. ಅಪ್ಪಯ್ಯ ಬೈಯಲಿಲ್ಲ. ಕರಗಿದ ಸ್ವಿಚ್ಚನ್ನು ಮಾತ್ರ ಜಗಲಿಯಲ್ಲಿ ರೇಡಿಯೊ ಮೇಲೆ ಇಟ್ಟರು. ಬಂದವರೆಲ್ಲ, "ಇದೆಂತದು?" ಅಂತ ಕೇಳುತ್ತಿದ್ದರು, ಕತೆ ಹೇಳಬೇಕಾದವನು ನಾನು. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ತಿಥಿ ಮುಗಿಸಿ ಪೇಟೆಯಲ್ಲಿದ್ದ ಆಟೋ ಎಲೆಕ್ಟ್ರಿಷಿಯನ್ ಕಾಕಾನ ಹತ್ತಿರ ಹೋದೆ. ಕಾಕಾ ನಗಲಿಲ್ಲ. ಉಳಿದಿದ್ದ ಸ್ಪೀಕರ್ ವೈರನ್ನು ನನ್ನಿಂದ ತರಿಸಿ, ಒಂದು ಗಳಿಗೆ ಮಟ್ಟಿಗೆ ಅದರಲ್ಲೇ ದೀಪ ಉರಿಸಿ, ಮೀಟರಿನ ಮುಳ್ಳು ತೋರಿಸಿದ. ಬ್ಯಾಟರಿಯ ಹತ್ತಿರ ಹನ್ನೆರಡೂವರೆ ವೋಲ್ಟು. ದೀಪದ ಹತ್ತಿರ ಹತ್ತು.

"ಎರಡೂವರೆ ಎಲ್ಲಿಗೆ ಹೋಯ್ತು ಸಣ್ಣಯ್ಯ? ನಿಮ್ಮ ಬೆರಳು ಸುಟ್ಟದ್ದು ಅದೇ."

ಲೆಕ್ಕ ಸುಲಭವಿತ್ತು, ನಾನು ಹಾಕಿರಲಿಲ್ಲ ಅಷ್ಟೆ. ಎರಡು ದೀಪಕ್ಕೆ 200 ವಾಟು. 12 ವೋಲ್ಟಿನಲ್ಲಿ ಅದು 16-17 ಆಂಪಿಯರು. ನಾಲ್ಕೈದು ಆಂಪಿಯರಿನ ಸ್ವಿಚ್ಚು, ಹಾಡು ಹೊರುವ ವೈರು. ದಾರಿಯಲ್ಲೇ ಮೂವತ್ತು-ನಲವತ್ತು ವಾಟು ಶಾಖವಾಗಿ ಸೋರುತ್ತಿತ್ತು. ಅಷ್ಟಾದರೂ ಬೆಳಕು ಪೂರ್ತಿ ಸಿಕ್ಕಿತೇ? ಹ್ಯಾಲೊಜೆನ್ ಬಲ್ಬಿಗೆ 12ರ ಬದಲು 10 ವೋಲ್ಟು ಕೊಟ್ಟರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಕಾಕಾ ಒಂದು ಹಳೇ ರಿಲೇಯ ಮುಚ್ಚಳ ಕಿತ್ತು ಅಂಗೈ ಮೇಲಿಟ್ಟ. ಒಳಗೆ ದಾರದುಂಡೆಯ ಹಾಗೆ ಸುತ್ತಿದ ತಾಮ್ರದ ತಂತಿ, ಕೂದಲಿನಷ್ಟು ಸಣ್ಣದು. ಅದರ ನೆತ್ತಿಯ ಮೇಲೆ ಸ್ಪ್ರಿಂಗಿಗೆ ಕಟ್ಟಿದ ಕಬ್ಬಿಣದ ತಗಡು. ತಗಡಿನ ತುದಿಯಲ್ಲೊಂದು ಬೆಳ್ಳಗಿನ ಗುಂಡಿ, ಎದುರಿಗೆ ಕೂದಲೆಳೆಯಷ್ಟು ಸಂದು ಬಿಟ್ಟು ಇನ್ನೊಂದು. ಎರಡು ಕಾಲಿಗೆ ಬ್ಯಾಟರಿ ಮುಟ್ಟಿಸಿದ. ಸುರುಳಿ ಅಯಸ್ಕಾಂತವಾಗಿ ತಗಡನ್ನು ಎಳೆಯಿತು, ಗುಂಡಿಗಳು ಕೂಡಿದವು. ಟಿಕ್. ತೆಗೆದ. ಟಿಕ್.

"ನಿಮ್ಮ ತೋಟದಲ್ಲಿ ರೈಟ್ರು ಇದ್ದಾರಲ್ಲ? ಅವರು ಮೂಟೆ ಹೊರ್ತಾರಾ? ಶಿಳ್ಳೆ ಹೊಡೀತಾರೆ, ಆಳು ಹೊರ್ತದೆ. ನೀವು ರೈಟ್ರ ತಲೆ ಮೇಲೇ ಮೂಟೆ ಇಟ್ಟಿದ್ರಿ."

ಆ ಶಿಳ್ಳೆಗೆ ಬೇಕಾದ ಕರೆಂಟು ಒಂದು ಆಂಪಿಯರಿನ ಐದನೇ ಒಂದು ಪಾಲೂ ಇಲ್ಲ. ಕಾಲುಗಳ ಪಕ್ಕ ಅಂಕಿ ಕೊರೆದಿತ್ತು. 85, 86 ಸುರುಳಿಯ ತುದಿಗಳು: ಒಂದು ಸ್ವಿಚ್ಚಿಗೆ, ಒಂದು ಬಾಡಿಗೆ. 30ಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸು. 87ರಿಂದ ದೀಪಕ್ಕೆ. ಜರ್ಮನ್ನರ ಡಿಐಎನ್ 72552 ಅನ್ನುವ ಪಟ್ಟಿಯ ಅಂಕಿಗಳಂತೆ ಇವು. ಕಾಕಾನಿಗೆ ಜರ್ಮನಿ ಗೊತ್ತಿರಲಿಲ್ಲ, ಅಂಕಿ ಬಾಯಿಪಾಠವಾಗಿತ್ತು. 100ರ ಬಲ್ಬು ಕಿತ್ತು 55ರದ್ದು ಹಾಕಿದ. ಎರಡಕ್ಕೂ ಸೇರಿ ಒಂಬತ್ತು ಆಂಪಿಯರು ಚಿಲ್ಲರೆ, 15ರ ಫ್ಯೂಸು, ಎರಡೂವರೆ ಚದರ ಮಿಲಿಮೀಟರಿನ ವೈರು. ದೀಪಗಳನ್ನು ನೆತ್ತಿಯಿಂದಿಳಿಸಿ ಬಂಪರಿಗೆ ತಂದ. ಅರ್ತಿನ ಬೋಲ್ಟು ಕೂರುವ ಜಾಗದಲ್ಲಿ ಬಣ್ಣವನ್ನು ಹೊಳೆಯುವ ತನಕ ಕೆರೆದದ್ದೇ ಕಾಲು ಗಂಟೆ. ನನಗೆ ಬೇಸರ ಬಂದದ್ದು ಕಂಡು, "ಹೋದ ಕರೆಂಟು ವಾಪಸು ಬರ್ಬೇಕಲ್ಲ ಸಣ್ಣಯ್ಯ, ಬಣ್ಣದ ಮೇಲೆ ನಡ್ಕೊಂಡು ಬರ್ತದಾ?" ಅಂದ.

ರಿಲೇ ಅಂದರೆ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹೂಡುವುದು ಅಂತ ಆಮೇಲೆ ಎಲ್ಲೋ ಓದಿದೆ. ಅದಕ್ಕೆ ನಮ್ಮಲ್ಲೇ ಒಂದು ಮಾತಿತ್ತು: ಅಂಚೆ. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರಿನಲ್ಲಿ ಓಲೆಯನ್ನು ಒಬ್ಬ ಓಡಿ ತಂದು ಇನ್ನೊಬ್ಬನ ಕೈಗೆ ಕೊಡುತ್ತಿದ್ದದ್ದೂ ಇದೇ. 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ಮಾಡಿದ್ದೂ ಅದನ್ನೇ: ದೂರದಿಂದ ಬಂದು ಸೋತ ಕರೆಂಟು ಅಲ್ಲೇ ಇರುವ ಹೊಸ ಬ್ಯಾಟರಿಯನ್ನು ಎಬ್ಬಿಸಿ ಬಿಡುವುದು.

ಇಷ್ಟೆಲ್ಲ ಕಲಿತೂ ಮರುವರ್ಷ ಭಾವನ ಜೀಪಿಗೆ ನಾನೇ ರಿಲೇ ಹಾಕಲು ಹೋಗಿ ಎಡವಿದೆ. ಆ ರಿಲೇಗೆ ಐದು ಕಾಲು, ನಡುವಿನದು 87ಎ. ದೀಪದ ವೈರನ್ನು ಅದಕ್ಕೇ ಕೊಟ್ಟೆ. ಅದು ತಿರುಗಾಮುರುಗಾ ಕೆಲಸದ್ದು: ಸ್ವಿಚ್ಚು ಹಾಕಿದರೆ ಕತ್ತಲು, ಆರಿಸಿದರೆ ಬೆಳಕು. ಹಗಲು ಹೊತ್ತು ಹಾಕಿ ಬಂದವನಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಭಾವನ ಬ್ಯಾಟರಿ ಸತ್ತಿತ್ತು. ಅಕ್ಕ ಮೂರು ದಿನ ಮಾತಾಡಲಿಲ್ಲ.

"ಭಟ್ರು?" ಅಂತ ಚಿಕ್ಕವಳು ಕೇಳಿದಳು.

ಭಟ್ಟರನ್ನು ಕರೆತರಲು ಮುಂದಿನ ಆಷಾಢದಲ್ಲೂ ನಾನೇ ಹೋದೆ. ಅವರು ಹತ್ತಲಿಲ್ಲ. ಜೀಪಿನ ಪಕ್ಕ ಕೊಡೆ ಊರಿ ನಿಂತು, "ಒಮ್ಮೆ ಹಾಕಿ ತೋರ್ಸು," ಅಂದರು. ಹಾಕಿದೆ. ಬಾನೆಟ್ಟಿಗೆ ಕಿವಿ ಕೊಟ್ಟರು. "ಎಂತ ಅದು, ಟಿಕ್ ಅಂದದ್ದು?" ಹೇಳಿದೆ. "ಇನ್ನೊಮ್ಮೆ," ಅಂದರು. ಟಿಕ್. ಮೂರನೇ ಸಲವೂ ಕೇಳಿಸಿಕೊಂಡು ಹಿಂದೆ ಹತ್ತಿ ಕೂತರು. ಮನೆಗೆ ಬಂದು ಅವರ ಚೀಲ ಇಳಿಸುವಾಗ ನೋಡಿದೆ: ದರ್ಭೆಯ ಕಟ್ಟಿನ ಮೇಲೆ ಹೊಸ ಸೆಲ್ಲು ಹಾಕಿದ ಟಾರ್ಚು, ಅದರ ಕೆಳಗೆ ಮಡಿಸಿಟ್ಟ ಇನ್ನೊಂದು ಬಿಳಿ ಪಂಚೆ.