ಮುಂದಿನವರ ಮಾತು

ನಮ್ಮ ಚಾರಣ ಸಂಘದಲ್ಲಿ ಬೆಟ್ಟದ ತುದಿಯನ್ನು ಬಯಸುವವರು ಬಹುಮಂದಿ. ಬೆಟ್ಟದ ಒಡಲನ್ನು ಬಯಸುವವರು ಕೆಲವರು ಮಾತ್ರ. ತುದಿಯನ್ನು ಮುಟ್ಟಿದವನಿಗೆ ದಿಗಂತದವರೆಗೆ ಹರಡಿದ ನೋಟವುಂಟು, ಬೀಸುವ ಗಾಳಿಯುಂಟು, ಇಳಿದು ಬಂದ ಮೇಲೆ ನೆಂಟರಿಷ್ಟರಿಗೆ ತೋರಿಸಲು ಭಾವಚಿತ್ರವುಂಟು. ಒಡಲನ್ನು ಹೊಕ್ಕವನಿಗಾದರೋ ಮೊಣಕೈಯ ತರಚುಗಾಯ, ಬಟ್ಟೆಗೆ ಮೆತ್ತಿದ ಮಣ್ಣು, ಇವಲ್ಲದೆ ತೋರಿಸಬಹುದಾದುದು ಬೇರೇನೂ ಇರುವುದಿಲ್ಲ. ಆದರೂ ಮಳೆಗಾಲ ಕಳೆದು, ಬಂಡೆಗಳ ಪಾಚಿ ಒಣಗಿ, ಚಳಿ ಇನ್ನೂ ಹಿತವಾಗಿರುವ ಮಾರ್ಗಶಿರದ ಒಂದು ಶನಿವಾರ, ನಾವು ಹದಿನಾಲ್ಕು ಮಂದಿ ಹೆಗಲಿಗೆ ಚೀಲಗಳನ್ನು ಏರಿಸಿಕೊಂಡು ಬೆಂಗಳೂರಿನಿಂದ ಕೋಲಾರದ ಬಸ್ಸು ಹತ್ತಿದೆವು. ಆ ಎರಡು ದಿನಗಳಲ್ಲಿ ಗವಿಯೊಳಗೆ ನಾನು ಕಂಡುದು ಅತ್ಯಲ್ಪ; ಕೇಳಿದುದು ಮಾತ್ರ ಇಂದಿಗೂ ನನ್ನ ಕಿವಿಯಲ್ಲಿದೆ.

ಕೋಲಾರವು ಬೆಂಗಳೂರಿಗೆ ಪೂರ್ವದಲ್ಲಿ ಸುಮಾರು 70 ಕಿಲೋಮೀಟರು ದೂರದಲ್ಲಿದೆ. ಗಂಗರಸರು ಮೊದಲು ಆಳಿದ ಕುವಲಾಲಪುರವೇ ಇಂದಿನ ಈ ಊರು. ಅದರ ಬೆನ್ನಿಗೆ ನಿಂತ ಬೆಟ್ಟಸಾಲಿಗೆ ಪುರಾಣಿಕರು ಇಟ್ಟ ಹೆಸರು ಶತಶೃಂಗ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಈ ಬರಸೀಮೆಯಲ್ಲಿ, ಬೆಟ್ಟದ ಓರೆಯಲ್ಲಿರುವ ಕಾಶಿ ವಿಶ್ವೇಶ್ವರನ ಸನ್ನಿಧಿಯಲ್ಲಿ, ಕಲ್ಲಿನ ಬಸವನ ಬಾಯಿಂದ ಬೇಸಗೆ ಮಳೆಗಾಲಗಳ ಭೇದವಿಲ್ಲದೆ ನೀರು ಸುರಿಯುತ್ತಿರುವುದನ್ನು ಕಂಡ ಜನ ಅದನ್ನು ಅಂತರಗಂಗೆಯೆಂದು ಕರೆದು ಕೈಮುಗಿದುದು ಸಹಜವೇ ಆಗಿದೆ. ಮೇಲೆ ಬಿದ್ದ ಮಳೆ ಬಂಡೆಗಳ ಬಿರುಕುಗಳಲ್ಲಿ ಇಂಗಿ, ಒಂದು ಸಂದಿಯಿಂದ ಮತ್ತೊಂದು ಸಂದಿಗೆ ಕತ್ತಲೆಯಲ್ಲಿಯೇ ಕೈಬದಲಾಗುತ್ತ, ಯಾವ ಕಣ್ಣಿಗೂ ಬೀಳದೆ ಸಾಗಿ, ಕೊನೆಗೆ ಬಸವನ ಬಾಯಲ್ಲಿ ಬೆಳಕು ಕಾಣುತ್ತದೆ. ಬೊಗಸೆ ತುಂಬ ಆ ನೀರನ್ನು ಕುಡಿದು, ಕೋತಿಗಳಿಂದ ಬುತ್ತಿಯನ್ನು ಕಾಪಾಡಿಕೊಳ್ಳುತ್ತ, ನಾವು ಗುಡಿಯ ಹಿಂದಿನ ಏರನ್ನು ಹಿಡಿದಾಗ ಚಂದ್ರೋದಯವಾಗಿತ್ತು.

ಗುಹೆಯೆಂದೊಡನೆ ಬಹುಜನರ ಮನಸ್ಸಿಗೆ ಬರುವುದು ಸುಣ್ಣಕಲ್ಲಿನ ಗುಹೆ: ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕು ಹಬ್ಬಿರುವ ಆಂಧ್ರದ ಬೇಲಂ; ತೊಟ್ಟಿಕ್ಕುವ ಹನಿಯೇ ಶಿವಲಿಂಗವನ್ನು ಬೆಳೆಸಿದ ದಾಂಡೇಲಿ ಕಾಡಿನ ಕವಳಾ. ಅವು ನೀರು ಕಲ್ಲನ್ನು ಕರಗಿಸಿ ಕಟ್ಟಿದ ಮನೆಗಳು. ಅಂತರಗಂಗೆಯ ಗವಿಗಳ ಜನ್ಮವೃತ್ತಾಂತ ಬೇರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಗ್ರಾನೈಟ್ ಕಲ್ಲು, ಮೇಲಿನ ಹೊರೆ ಸವೆದಂತೆಲ್ಲ ಹಿಗ್ಗಿ ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಸೀಳಿತು. ಆ ಸೀಳುಗಳಲ್ಲಿ ಇಳಿದ ಮಳೆನೀರು ಕಲ್ಲಿನೊಳಗಿನ ಫೆಲ್ಡ್‌ಸ್ಪಾರನ್ನು ಮೆಲ್ಲಮೆಲ್ಲನೆ ಜೇಡಿಯಾಗಿ ಕೊಳೆಸಿತು. ಮೂರು ಕಡೆಯಿಂದಲೂ ನೀರಿಗೆ ಸಿಕ್ಕ ಮೂಲೆಗಳು ಮೊದಲು ಸವೆದುದರಿಂದ ಚೌಕದ ತುಂಡುಗಳು ಉರುಟು ಗುಂಡುಗಳಾದವು. ಮುಂದೆ ಯುಗಯುಗಗಳ ಮಳೆ ಆ ಜೇಡಿಯನ್ನು ತೊಳೆದೊಯ್ಯಲು, ಆಸರೆ ತಪ್ಪಿದ ಗುಂಡುಗಳು ಒಂದರ ಮೇಲೊಂದು ಕುಸಿದು ಒರಗಿ ನಿಂತವು. ಅವು ಪರಸ್ಪರ ತಾಗದೆ ಉಳಿಸಿದ ತೆರಪೇ ನಮ್ಮ ಗವಿ. ಅಲ್ಲಿ ಗೋಡೆಯಿಲ್ಲ, ನೆಲವಿಲ್ಲ. ಇರುವುದು ಬಂಡೆ ಮತ್ತು ಬಂಡೆಯ ನಡುವಣ ಅವಕಾಶ.

ಅಂಥ ಜಾಗದಲ್ಲಿ ಹದಿನಾಲ್ಕು ಜನ ನಡೆಯುವುದು ಒಬ್ಬರ ಹಿಂದೆ ಒಬ್ಬರಾಗಿಯೇ. ಎಲ್ಲರಿಗಿಂತ ಮುಂದೆ ಬೆಟ್ಟದ ಮೇಲಣ ತೇರಹಳ್ಳಿಯ ಯುವಕ; ಆಡು ಮೇಯಿಸುತ್ತಿದ್ದ ತಾತನ ಹಿಂದೆ ಅಲೆದು ಈ ಸಂದಿಗಳನ್ನೆಲ್ಲ ಮೈಯಿಂದಲೇ ಕಲಿತವನು; ಕನ್ನಡ ತೆಲುಗುಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅವನ ಹಿಂದೆ ನಮ್ಮ ತಂಡದ ಹಿರಿಯರು, ಭೂಗೋಳ ಪಾಠ ಹೇಳಿ ನಿವೃತ್ತರಾದ ಉಪಾಧ್ಯಾಯಿನಿ. ಅವರು ನಮಗೆಲ್ಲ ಮೇಡಂ. ಒಳಗೆ ಹೋಗುವ ಮುನ್ನ ಅವರು ನಮ್ಮ ಶಿರಸ್ತ್ರಾಣ, ತಲೆದೀಪಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಒಂದೇ ಒಂದು ನಿಯಮವನ್ನು ಹೇಳಿದರು: ಮುಂದಿನವರು ಹೇಳಿದುದನ್ನು ಹಿಂದಿನವರಿಗೆ ಹೇಳದೆ ಯಾರೂ ಒಂದು ಹೆಜ್ಜೆಯನ್ನೂ ಇಡತಕ್ಕದ್ದಲ್ಲ.

ಈ ನಿಯಮದ ಅರ್ಥ ಹತ್ತು ಮಾರು ಒಳಗೆ ಹೋಗುವಷ್ಟರಲ್ಲಿ ತಿಳಿಯಿತು. ಬಾಗಿ, ಮಂಡಿಯೂರಿ, ಬಳಿಕ ಹೊಟ್ಟೆಯ ಮೇಲೆ ತೆವಳುತ್ತ ಸಾಗುವವನ ತಲೆದೀಪ ಬೆಳಗುವುದು ಮೂಗಿನೆದುರಿನ ಕಲ್ಲನ್ನು ಮಾತ್ರ. ಕೆಳಗೆ ಕಾಲು ಎಲ್ಲಿ ಊರುವುದೆಂಬುದು ಅವನಿಗೆ ಕಾಣದು. ಆಗ ಮುಂದಿನಿಂದ ಮಾತು ಬರುತ್ತದೆ. "ಎಡಗಾಲು ಮೊದ್ಲು ಬಿಡಿ ಸಾರ್, ಕಾಲ್ಗೆ ಕಲ್ಲು ಸಿಕ್ತದೆ" ಎಂದು ಆ ಯುವಕ ಹೇಳಿದುದು ಮೇಡಂ ಅವರ ಬಾಯಲ್ಲಿ "ಎಡಗಾಲು ಮೊದಲು" ಎಂದಾಗಿ, ಬ್ಯಾಂಕಿನ ಗೆಳೆಯರ ಬಾಯಲ್ಲಿ "ಎಡಗಾಲು, ಎಡಗಾಲು" ಎಂದಾಗಿ, ನನ್ನನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕಾಣದ ಪಾದವನ್ನು ಆ ಮಾತಿನ ಭರವಸೆಯ ಮೇಲೆ ಶೂನ್ಯಕ್ಕೆ ಇಳಿಬಿಟ್ಟಾಗ, ಹೇಳಿದ ಜಾಗದಲ್ಲಿ ಹೇಳಿದಂತೆಯೇ ಕಲ್ಲು ಸಿಕ್ಕುವ ಆ ಕ್ಷಣದ ಸುಖವನ್ನು ನಾನು ಯಾವ ಶಿಖರದ ಮೇಲೆಯೂ ಅನುಭವಿಸಿಲ್ಲ.

ಆದರೆ ಅದೇ ರಾತ್ರಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಇಕ್ಕಟ್ಟಾದ ಒಂದು ಸಂದಿಯನ್ನು ನುಸುಳಿ ಹೊರಬಂದಾಗ, ಎರಡು ಬಂಡೆಗಳ ಸೀಳಿನಿಂದ ಬೆಳುದಿಂಗಳು ಒಂದು ಎಳೆಯಾಗಿ ಇಳಿದು, ಎದುರಿನ ಕಲ್ಲಿನ ಅಭ್ರಕದ ಕಣಗಳ ಮೇಲೆ ಮಿನುಗುತ್ತಿತ್ತು. ನಾನು ಮೈಮರೆತು ನೋಡುತ್ತ ನಿಂತೆನು. "ಬಲಕ್ಕೆ, ತಲೆಯ ಮೇಲೆ ಚೂಪುಗಲ್ಲು" ಎಂದು ಮುಂದಿನವರು ಹೇಳಿದುದು ನನಗೆ ಕೇಳಿತ್ತು, ನಾನು ತಲೆ ತಗ್ಗಿಸಿಯೂ ಇದ್ದೆನು, ಹಿಂದಕ್ಕೆ ಹೇಳಲಿಲ್ಲ. ನನ್ನ ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿ ಎದ್ದುನಿಲ್ಲುವ ಭರದಲ್ಲಿ ಶಿರಸ್ತ್ರಾಣದ ಅಂಚಿನ ಕೆಳಗೆ ಹಣೆಯನ್ನು ಗಾಯ ಮಾಡಿಕೊಂಡಳು. ಗಾಯ ದೊಡ್ಡದಲ್ಲ, ರಕ್ತ ಒಸರಿ ನಿಂತಿತು, "ಏನಿಲ್ಲ ಸರ್, ಸ್ವಲ್ಪ ತಾಗಿತು ಅಷ್ಟೆ" ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು. ಮೇಡಂ ಹಿಂದಿರುಗಿ ಬಂದು, ಅವಳ ಹಣೆಗೆ ಪಟ್ಟಿ ಹಚ್ಚಿ, ನನ್ನ ಕಡೆ ತಿರುಗಿ ಕೋಪವಿಲ್ಲದ ದನಿಯಲ್ಲಿ ಹೇಳಿದರು: "ಮಾತು ನಿಮ್ಮ ಹತ್ತಿರ ಬಂದು ನಿಂತುಬಿಟ್ಟಿತು."

ಆ ವಾಕ್ಯ ನನ್ನನ್ನು ರಾತ್ರಿಯೆಲ್ಲ ಕಾಡಿತು. ಬಯಲಲ್ಲಿ ಹಾಸಿದ ಕಂಬಳಿಯ ಮೇಲೆ ಮಲಗಿ ನಕ್ಷತ್ರಗಳನ್ನು ನೋಡುತ್ತಿದ್ದಾಗ ನನಗೆ ನಮ್ಮ ಊರಿನ ಹಳೆಯ ಮನೆಯೂ ಅಜ್ಜಿಯೂ ನೆನಪಾದರು. ಮಣ್ಣಿನ ದಪ್ಪ ಗೋಡೆಗಳ ಆ ಮನೆಯ ನಡುಮನೆ ಹಗಲಿನಲ್ಲಿಯೂ ಮಬ್ಬು; ಬಾಗಿಲುಗಳೆಲ್ಲ ತಗ್ಗು. ಯಾರೇ ಒಳಗೆ ಬರಲಿ, ಅಜ್ಜಿ ಇದ್ದಲ್ಲಿಂದಲೇ "ಬಾಗಿಲು ತಗ್ಗು, ತಲೆ ಜೋಪಾನ" ಎನ್ನುತ್ತಿದ್ದರು. ಮೊದಲ ಸಲ ಬಂದ ನೆಂಟರಿಗೆ ಹೇಳಿದಂತೆಯೇ, ಆ ಮನೆಯಲ್ಲಿಯೇ ಹುಟ್ಟಿ ಬೆಳೆದ ನನ್ನ ತಂದೆಗೂ ಹೇಳುತ್ತಿದ್ದರು. ಬಾಲಕನಾದ ನನಗೆ ಅದು ವ್ಯರ್ಥಾಲಾಪವಾಗಿ ತೋರುತ್ತಿತ್ತು. ಅಜ್ಜಿ ತೀರಿಕೊಂಡ ವರ್ಷ ಆ ಬಾಗಿಲವಾಡಕ್ಕೆ ಹಣೆ ತಾಗಿಸಿಕೊಳ್ಳದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಬಾಗಿಲು ಮೊದಲಿನಷ್ಟೇ ತಗ್ಗಾಗಿತ್ತು, ಮಾತೊಂದು ಇಲ್ಲವಾಗಿತ್ತು.

ಮರುದಿನ ಬೆಳಗ್ಗೆ ತೇರಹಳ್ಳಿಯ ಯುವಕನ ಮನೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು, ಇನ್ನೊಂದು ಗವಿಯನ್ನು ಹೊಕ್ಕೆವು. ಅದರ ನಡುವೆ ಎಲ್ಲರೂ ಕುಳಿತುಕೊಳ್ಳಬಹುದಾದಷ್ಟು ವಿಶಾಲವಾದ ಒಂದು ಪೊಟರೆಯುಂಟು. ಅಲ್ಲಿ ದೀಪಗಳನ್ನೆಲ್ಲ ಆರಿಸಿ ಕುಳಿತಾಗ, ಕೈಯನ್ನು ಕಣ್ಣಿಗೆ ತಾಗಿಸಿದರೂ ಕಾಣದಂಥ ಅಂಧಕಾರ. ಮೇಲೆ ಬಾವಲಿಗಳ ರೆಕ್ಕೆಯ ಮೆಲುಸದ್ದು. ಬಾವಲಿ ನಮ್ಮ ಕಿವಿಗೆ ನಿಲುಕದ ದನಿಯನ್ನು ಹೊರಡಿಸಿ, ಅದು ಬಂಡೆಗೆ ತಾಗಿ ಹಿಂದಿರುಗುವುದನ್ನು ಕೇಳಿಯೇ ದಾರಿಯನ್ನು ಅರಿಯುತ್ತದೆಂದು ಮೇಡಂ ಪಿಸುಮಾತಿನಲ್ಲಿ ವಿವರಿಸಿದರು. ಇದೇ ಜಿಲ್ಲೆಯ ಹನುಮನಹಳ್ಳಿಯ ಒಂದು ಗ್ರಾನೈಟ್ ಗುಹೆಯಲ್ಲಿ, ವಿಜ್ಞಾನಿಗಳು 1994ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಕೋಲಾರದ ಎಲೆಮೂಗಿನ ಬಾವಲಿ ವಾಸವಾಗಿದೆ. ಇಂದು ಜಗತ್ತಿನಲ್ಲಿ ಅದರ ನೆಲೆಯೆಂದು ತಿಳಿದಿರುವುದು ಅದೊಂದೇ ಗುಹೆ. ಉಳಿದಿರುವ ಜೀವಗಳು ಇನ್ನೂರರ ಆಸುಪಾಸು. ಗ್ರಾನೈಟಿಗಾಗಿ ಬಂಡೆಗಳನ್ನು ಸಿಡಿಸುವ ನಮ್ಮ ಕಾಲದಲ್ಲಿ, ಆ ಒಂದು ಗುಹೆಗೆ ಕೇಡಾದರೆ ಒಂದು ಕುಲದ ದನಿಯೇ ಅಡಗಿಹೋದೀತು. ಆದುದರಿಂದ ಬಾವಲಿಗಳಿರುವೆಡೆ ನಾವು ದನಿಯೆತ್ತಲಿಲ್ಲ. ಅಲ್ಲಿ ಮುಂದಿನವರ ಮಾತು ಹಿಂದಿನವರ ಅಂಗೈಯನ್ನು ಒತ್ತುವುದರ ಮೂಲಕವೇ ಸಾಗಿತು.

ಕತ್ತಲೆಯಲ್ಲಿ ಕುಳಿತಿರುವಾಗ, ಇಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೋಲಾರದ ಚಿನ್ನದ ಗಣಿಯ ನೆನಪೂ ಬಂದಿತು. 2001ರಲ್ಲಿ ಮುಚ್ಚಿಹೋದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮೀರಿ ಆಳವಾಗಿತ್ತು. ಗಣಿಯಲ್ಲಿ ಜನರನ್ನು ಇಳಿಸಿ ಏರಿಸುವ ಯಂತ್ರದ ಚಾಲಕನಿಗೆ ತೊಟ್ಟಿಲೂ ಕಾಣದು, ಅದರೊಳಗಿನ ಮುಖಗಳೂ ಕಾಣವು. ಪಾತಾಳದಿಂದ ಬರುವ ಗಂಟೆಯ ಏಟುಗಳನ್ನು ಎಣಿಸಿ, ಆ ಎಣಿಕೆಯ ಆಧಾರದ ಮೇಲೆಯೇ ಅವನು ಹತ್ತಾರು ಜೀವಗಳನ್ನು ಬೆಳಕಿಗೆ ಎಳೆಯಬೇಕು. ಚಿನ್ನವನ್ನು ಅರಸುವವರಿಗೆ ಒಮ್ಮೆ ಅದಕ್ಕಿಂತ ಬೆಲೆಯುಳ್ಳ ಮಾತು ಸಿಕ್ಕಿದುದೂ ಉಂಟು. 1915ರಲ್ಲಿ ಗಣಿ ಇಂಜಿನಿಯರರಾದ ಬೀಡನ್ ಅವರು ರಾಯಚೂರು ಸೀಮೆಯ ಮಸ್ಕಿಯ ಗುಡ್ಡದ ಗವಿಯೊಂದರಲ್ಲಿ ಕಂಡ ಶಾಸನವೇ, ಅದುವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯನೆಂದಷ್ಟೇ ಕಾಣುತ್ತಿದ್ದ ಅರಸನು ಅಶೋಕನೆಂಬುದನ್ನು ನಿಶ್ಚಯಪಡಿಸಿತು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೊದಲೇ, ನಮ್ಮ ಮುಂದೆ ನಡೆದು ಹೋದವನೊಬ್ಬನು, ಹಿಂದೆ ಬರುವವರ ಮುಖವನ್ನರಿಯದೆಯೂ, ಹೇಳಬೇಕಾದುದನ್ನು ಬಂಡೆಯ ಮೇಲೆ ಬರೆಯಿಸಿ ಹೋಗಿದ್ದನು.

ಹೊರಡುವ ಹೊತ್ತಿಗೆ ನಾನು ಮೇಡಂ ಅವರನ್ನು ಕೇಳಿಕೊಂಡು ಸಾಲಿನ ಕೊನೆಗೆ ಹೋದೆನು. ಹಣೆಗೆ ಪಟ್ಟಿ ಹಚ್ಚಿಕೊಂಡಿದ್ದ ಆ ಹುಡುಗಿ ನನ್ನ ಮುಂದೆ ಇದ್ದಳು. ಅವಳು ಒಂದು ಮಾತನ್ನೂ ಬಿಡಲಿಲ್ಲ: ಎಲ್ಲಿ ಬಾಗಬೇಕು, ಎಲ್ಲಿ ಮಗ್ಗುಲಾಗಬೇಕು, ಯಾವ ಕಲ್ಲಿಗೆ ಭಾರ ಬಿಡಬಹುದು, ಎಲ್ಲವನ್ನೂ ತಿರುಗಿ ನಿಂತು, ನಾನು ಕೇಳಿದೆನೆಂದು ಖಚಿತಮಾಡಿಕೊಂಡು ಹೇಳಿದಳು. ಬೆಳಕಿನ ಬಾಯಿ ಕಾಣುತ್ತಿರುವಾಗ ಅವಳ ಕಡೆಯ ಮಾತು ಬಂದಿತು: "ಸರ್, ಈ ಕಲ್ಲು ಅಲುಗಾಡುತ್ತೆ." ನಾನು ಅದನ್ನು ದಾಟಿ, ಅಭ್ಯಾಸಬಲವೋ ಋಣಭಾರವೋ ತಿಳಿಯದು, ಹಿಂದೆ ಯಾರೂ ಇಲ್ಲವೆಂಬುದನ್ನು ಬಲ್ಲೆನಾದರೂ, ಕತ್ತಲೆಯ ಕಡೆಗೆ ತಿರುಗಿ, ಬಾವಲಿಗಳಿಗೆ ತೊಂದರೆಯಾಗದಷ್ಟು ಮೆಲ್ಲನೆ, "ಈ ಕಲ್ಲು ಅಲುಗಾಡುತ್ತದೆ" ಎಂದು ಹೇಳಿಯೇ ಹೊರಗೆ ಬಂದೆನು.